ಮಗುವಿಗೆ ಹೋಮ್ (ಮಕ್ಕಳ ಪಾಲನಾ ಗೃಹ) ಹುಡುಕುವ ಮೊದಲು: ಚರ್ಚಿನ ಸಭೆಯವರು ಹಂತ ಹಂತವಾಗಿ ಮಾಡಬೇಕಾದ್ದು

ಜೂನ್ ಬಂತೆಂದರೆ ನನ್ನ ಫೋನ್‌ಗೆ ಒಂದೇ ತರದ ಕರೆಗಳು ಬರುತ್ತವೆ. "ಟೀಚರಮ್ಮ, ಒಂದು ಮಗು ಇದೆ. ಅಪ್ಪ ಇಲ್ಲ, ಅಮ್ಮನ ಕೈಲಿ ಆಗ್ತಿಲ್ಲ. ಯಾವುದಾದ್ರೂ ಹೋಮ್‌ಗೆ ಸೇರಿಸಿಬಿಡಿ." ಬಂಗಾರಪೇಟೆ, ಮಾಲೂರು, ಕೆಜಿಎಫ್, ಶ್ರೀನಿವಾಸಪುರ, ಹೀಗೆ ಸುತ್ತಮುತ್ತಲಿಂದ. ಕರೆ ಮಾಡುವವರೆಲ್ಲ ಒಳ್ಳೆಯವರೇ. ಸಂಡೇ ಸ್ಕೂಲ್ ಟೀಚರ್‌ಗಳು, ಸ್ತ್ರೀಯರ ಸಂಘದವರು, ಹೊಸದಾಗಿ ಬಂದ ಅಯ್ಯನವರು, ಅಂದರೆ ಪಾದ್ರಿಗಳು. ಎಡವುವುದು ಮಾತ್ರ ಎಲ್ಲರೂ ಒಂದೇ ಕಡೆ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ.

ನಾನೂ ಎಡವಿದವಳೇ. ಅಜ್ಜಿಯ ಜೊತೆ ಇದ್ದ ಒಂಬತ್ತು ವರ್ಷದ ಹುಡುಗನನ್ನು, ಪರಿಚಯದವರು ನಡೆಸುತ್ತಿದ್ದ ಒಂದು ಹೋಮ್‌ಗೆ ಬಿಟ್ಟು ಬಂದೆವು. ಒಂದು ಕಾಗದವೂ ಇಲ್ಲ, ಬರೀ ನಂಬಿಕೆ. ಎಂಟು ತಿಂಗಳಾದ ಮೇಲೆ ಹೋಮ್ ಮುಚ್ಚಿತು. ನಮಗೆ ಯಾರೂ ಹೇಳಲಿಲ್ಲ. ಹುಡುಗ ರಾತ್ರಿ ಒಂಬತ್ತೂವರೆಗೆ ಪ್ಲಾಸ್ಟಿಕ್ ಕವರ್ ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಒಂದು ಟವೆಲ್, ಒಂದು ಜೊತೆ ಶೂ. ಎರಡೂ ಎಡಗಾಲಿನವು. ಅಷ್ಟು ದಿನ ಅವನು ಯಾವ ಶಾಲೆಯ ಹಾಜರಿಯಲ್ಲೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಆ ವಾರ ಬೈಬಲಿನ 2 ಅರಸುಗಳು 4ನೇ ಅಧ್ಯಾಯ ಮತ್ತೆ ಓದಿದೆ. ಗಂಡ ಸತ್ತ ಹೆಂಗಸು, ಮೇಲೆ ಸಾಲ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ದುಡಿಸಿಕೊಳ್ಳಲು ಎಳೆದುಕೊಂಡು ಹೋಗಲು ಬಂದಿದ್ದಾನೆ. ಪ್ರವಾದಿ ಎಲೀಷ ಆ ಮಕ್ಕಳನ್ನು ತನ್ನ ಜೊತೆ ಕರೆದುಕೊಂಡು ಹೋಗಲಿಲ್ಲ. ಮನೆಯಲ್ಲಿ ಏನಿದೆ ಅಂತ ಕೇಳಿದ. ಸ್ವಲ್ಪ ಎಣ್ಣೆ ಇತ್ತು. ಅಕ್ಕಪಕ್ಕದವರು ಖಾಲಿ ಪಾತ್ರೆ ಕೊಟ್ಟರು. ಎಣ್ಣೆ ಮಾರಿ ಸಾಲ ತೀರಿತು, ಮಕ್ಕಳು ಮನೆಯಲ್ಲೇ ಉಳಿದರು. ಸಭೆಯ ಕೆಲಸ ಆ ಪಾತ್ರೆ ಕೊಡುವ ಕೆಲಸ. ಕೆಳಗಿನ ಹಂತಗಳೆಲ್ಲ ಅದನ್ನು ಮಾಡುವ ಬಗೆ. ದಯವಿಟ್ಟು ಇದೇ ಕ್ರಮದಲ್ಲಿ ಹೋಗಿ.

ಶುರು ಮಾಡುವ ಮೊದಲು ಕೈಲಿರಬೇಕಾದ್ದು

ಮೊದಲು ಜನ. "ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡುವುದಿಲ್ಲ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂದಾಗ ಹೆಸರು ಹಿಡಿದು ಏಳು ಜನರನ್ನು ನೇಮಿಸಿದರು. ನಿಮಗೆ ನಾಲ್ಕು ಜನ ಸಾಕು, ಅದರಲ್ಲಿ ಇಬ್ಬರಾದರೂ ಹೆಂಗಸರು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಮಗು ನೋವು ಹೇಳಿಕೊಳ್ಳುವುದು ಮನೆಮಾತಿನಲ್ಲಿ. ಅದು ಬರುವವರೊಬ್ಬರು ತಂಡದಲ್ಲಿರಲಿ.

ಆಮೇಲೆ ಒಂದು ಲಾಂಗ್ ನೋಟ್‌ಬುಕ್, ಬೀಗ ಹಾಕುವ ಒಂದು ಕಪಾಟು. ಮಗುವಿನ ವಿಷಯ ಬರೆಯಬೇಕಾದ್ದು ಅಲ್ಲಿ, ವಾಟ್ಸಾಪ್ ಗ್ರೂಪಿನಲ್ಲಲ್ಲ.

ಮೂರನೆಯದು ನಂಬರ್‌ಗಳ ಒಂದು ಹಾಳೆ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತ. ತುರ್ತಿಗೆ 112. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಕಚೇರಿ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಕೂರುವ ಜಾಗ ಮತ್ತು ದಿನ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರಿರಬೇಕು, ಅವರ ನಂಬರ್. ಜೊತೆಗೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಶಾಲೆಯ ಹೆಡ್‌ಮಾಸ್ಟರ್. ಬೇಕಾದ ದಿನ ಹುಡುಕಬೇಡಿ. ಈಗಲೇ ಹೋಗಿ ಒಂದು ಸಲ ಮುಖ ತೋರಿಸಿ ಬನ್ನಿ.

1. ಮೊದಲು ನಿಮ್ಮ ಸಭೆಯನ್ನೇ ನೋಡಿಕೊಳ್ಳಿ

ಬೇರೆಯವರ ಮನೆಯ ಮಗುವನ್ನು ಕಾಯಲು ಹೊರಡುವ ಮುಂಚೆ, ಭಾನುವಾರ ನಿಮ್ಮ ಅಂಗಳಕ್ಕೆ ಬರುವ ಮಗು ಸುರಕ್ಷಿತವಾಗಿದೆಯಾ? ಇದನ್ನು ಕೇಳಿದರೆ ಹಿರಿಯರಿಗೆ ಬೇಜಾರಾಗುತ್ತದೆ. ಆದರೂ ಕೇಳಿ.

ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು: ಈ ಮೂರು ಒಂದೇ ಕಡೆ ಸೇರಬಾರದು. ಸಂಡೇ ಸ್ಕೂಲ್ ಇರಲಿ, ರಜೆಯ ಬೈಬಲ್ ಶಾಲೆ (ವಿಬಿಎಸ್) ಇರಲಿ, ಒಬ್ಬರಿಗೊಬ್ಬರು ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಇರಬೇಕು. ಪ್ರಾರ್ಥನೆ ಮಾಡುವ ನೆಪದಲ್ಲೂ ಮಗುವನ್ನು ಒಳಕೋಣೆಗೆ ಒಂಟಿಯಾಗಿ ಕರೆಯುವಂತಿಲ್ಲ. ಇದು ಅಯ್ಯನವರಿಗೂ ಅನ್ವಯ. ಬೈಕಿನಲ್ಲಿ ಒಬ್ಬಳೇ ಹುಡುಗಿಯನ್ನು ಮನೆಗೆ ಬಿಡುವುದು, ಮಕ್ಕಳಿಗೆ ರಾತ್ರಿ ಮೆಸೇಜ್ ಮಾಡುವುದು, ಹೊಡೆದು ಬುದ್ಧಿ ಹೇಳುವುದು, ಮೂರೂ ನಿಲ್ಲಬೇಕು.

ಹೊಸಬರು ಬಂದು ಮೊದಲ ವಾರವೇ "ಮಕ್ಕಳ ಸೇವೆ ನನಗೆ ಕೊಡಿ" ಅಂದರೆ ಸ್ವಲ್ಪ ತಡೆಯಿರಿ. ಆರು ತಿಂಗಳು ಬೇರೆ ಕೆಲಸ ಮಾಡಲಿ. ಹಿಂದಿನ ಊರಿನ ಸಭೆಗೆ ಫೋನ್ ಮಾಡಿ ಯಾಕೆ ಬಿಟ್ಟು ಬಂದರು ಅಂತ ಕೇಳಿ. ಪೊಲೀಸ್ ವೆರಿಫಿಕೇಷನ್ ಮಾಡಿಸಿ. ಒಳ್ಳೆಯವರು ಇದಕ್ಕೆ ಸಿಟ್ಟಾಗುವುದಿಲ್ಲ.

2. ಕಣ್ಣಿಟ್ಟು ನೋಡಿ

ಬಡತನ ಎಲ್ಲ ಕಡೆ ಒಂದೇ ತರ ಕಾಣುವುದಿಲ್ಲ. ನಮ್ಮ ಕಡೆ ನಾನು ಮೊದಲು ನೋಡುವುದು ಕೈ.

ಟೊಮೆಟೊ ಗಿಡ ಮುಟ್ಟಿ ಕೆಲಸ ಮಾಡಿದರೆ ಬೆರಳಿಗೆ ಹಸಿರು ಮಿಶ್ರಿತ ಕಪ್ಪು ಕರೆ ಹತ್ತುತ್ತದೆ. ಸೋಪಿಗೆ ಅದು ಬೇಗ ಬಿಡುವುದಿಲ್ಲ. ಒಂದು ಭಾನುವಾರ ಕಂಡರೆ ಅಪ್ಪನ ತೋಟದಲ್ಲಿ ಕೈ ಹಾಕಿರಬಹುದು. ಪ್ರತಿ ವಾರ ಕರೆ ಇದೆ, ಸೋಮವಾರ ಶಾಲೆಗೆ ಹೋಗಿಲ್ಲ, ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತದೆ ಅಂದರೆ ಆ ಮಗು ಕೂಲಿಗೆ ಹೋಗುತ್ತಿದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ನೂಲು ಬಿಚ್ಚುವ ಜಾಗದಲ್ಲಿ ಬಿಸಿನೀರಿಗೆ ಕೈ ಹಾಕಿದವರ ಬೆರಳ ತುದಿ ಬಿಳಿಚಿ ಸುಕ್ಕುಗಟ್ಟಿರುತ್ತದೆ, ಬಟ್ಟೆಗೆ ಹುಳುವಿನ ವಾಸನೆ ಹಿಡಿದಿರುತ್ತದೆ. ಮಾಲೂರು ಕಡೆ ಇಟ್ಟಿಗೆ ಗೂಡಿಗೆ ಹೋದ ಮನೆಯ ಮಗು ತಿಂಗಳುಗಟ್ಟಲೆ ಕಾಣಿಸುವುದೇ ಇಲ್ಲ.

ಕಾನೂನು ಇಷ್ಟು: 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಶಾಲೆ ಮುಗಿಸಿ ಬಂದು ಮನೆಯವರಿಗೆ ಸಹಾಯ ಮಾಡುವುದು ಬೇರೆ.

ಇನ್ನು ಕೆಲವು ಸೂಚನೆಗಳು: ದಿಢೀರ್ ಮೌನ, ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಒಬ್ಬರೇ ಒಬ್ಬರನ್ನು ಕಂಡರೆ ಹಿಂದೆ ಸರಿಯುವುದು, ಎಲ್ಲಿಂದ ಬಂತು ಅಂತ ಹೇಳಲಾಗದ ಹೊಸ ಮೊಬೈಲ್. ಹದಿನೈದು ಹದಿನಾರರ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮನೆಯಿಂದ ಹೊರಗೆ ಬರುತ್ತಿಲ್ಲ ಅಂದರೆ ಮದುವೆ ಮಾತುಕತೆ ನಡೆಯುತ್ತಿರಬಹುದು. ಅಯ್ಯನವರಿಗೆ ಒಂದು ಮಾತು: ಮದುವೆ ಪ್ರಕಟಣೆ ಓದುವ ಮುಂಚೆ ಜನನ ಪತ್ರ ಅಥವಾ ಶಾಲೆಯ ದಾಖಲೆ ಕಣ್ಣಾರೆ ನೋಡಿ. ಹುಡುಗಿಗೆ 18, ಹುಡುಗನಿಗೆ 21. 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ನಡೆಸಿಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

3. ಮನೆಗೆ ಹೋಗಿ, ಬರಿಗೈಲಿ

ಮೊದಲ ಭೇಟಿಗೆ ಅಕ್ಕಿ ಮೂಟೆ ಹೊತ್ತುಕೊಂಡು ಹೋಗಬೇಡಿ. ಕೊಡುವವರು ಬಂದರು ಅಂತ ಗೊತ್ತಾದರೆ ಮನೆಯವರು ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ಇಬ್ಬರು ಹೋಗಿ, ಒಬ್ಬರು ಹೆಂಗಸು. ಅವರು ಕೂಲಿಯಿಂದ ಬಂದು ಕೈಕಾಲು ತೊಳೆದ ಮೇಲೆ ಹೋಗಿ. ಟೀ ಕೊಟ್ಟರೆ ಕುಡಿಯಿರಿ. ಫೋಟೋ ಬೇಡ.

ಎಲೀಷನ ಪ್ರಶ್ನೆಯನ್ನೇ ಕೇಳಿ: ಈ ಮನೆಯಲ್ಲಿ ಏನಿದೆ? ಅಜ್ಜಿಗೆ ಗಟ್ಟಿ ಕಾಲಿದೆಯಾ, ಪಕ್ಕದಲ್ಲಿ ಚಿಕ್ಕಮ್ಮ ಇದ್ದಾಳಾ, ಅಮ್ಮನಿಗೆ ಹೊಲಿಗೆ ಬರುತ್ತಾ, ಒಂದು ಹಸು ಇದೆಯಾ? ಇದನ್ನು ಬರೆದುಕೊಂಡ ಮೇಲೆ ಕೊರತೆ ಬರೆಯಿರಿ. ಉಲ್ಟಾ ಮಾಡಿದರೆ ಪಟ್ಟಿ ನೋಡಿಯೇ "ಈ ಮನೆ ಆಗಲ್ಲ" ಅನ್ನಿಸಿಬಿಡುತ್ತದೆ.

ಒಬ್ಬ ಅಜ್ಜಿ ನನಗೆ ಹೇಳಿದ್ದು ಈಗಲೂ ನೆನಪಿದೆ. "ಮಗೂನ ಸಾಕಕ್ಕೆ ಆಗಲ್ಲ ಅಂತ ನಾನ್ ಯಾವತ್ತಮ್ಮಾ ಹೇಳ್ದೆ? ರಾತ್ರಿ ಕೆಮ್ಮು ಬಂದ್ರೆ ಆಸ್ಪತ್ರೆಗೆ ಆಟೋ ದುಡ್ಡಿಲ್ಲ ಅಂದೆ, ಅಷ್ಟೆ." ನಾವು ಕೇಳಿಸಿಕೊಂಡದ್ದೇ ಬೇರೆ.

4. ಅಪಾಯವೋ, ಕೊರತೆಯೋ? ಅಂದೇ ತೀರ್ಮಾನಿಸಿ

ಭೇಟಿ ಮುಗಿಸಿ ಬಂದ ರಾತ್ರಿಯೇ ಇಬ್ಬರೂ ಕೂತು ಇದನ್ನು ಬೇರ್ಪಡಿಸಬೇಕು. ಅಮ್ಮ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾಳೆ, ಮಗು ಒಂಟಿ: ಇದು ಕೊರತೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಕಥೆ ಇದೇ. ಅಮ್ಮ ಹೋದ ಮೇಲೆ ಒಬ್ಬರು ಬಂದು ಮಗುವನ್ನು ಮುಟ್ಟುತ್ತಾರೆ: ಇದು ಅಪಾಯ. ಕೊರತೆಗೆ ಸಮಯವಿದೆ. ಅಪಾಯಕ್ಕೆ ಇಲ್ಲ.

*ಮಗು ಬಾಯಿ ಬಿಟ್ಟು ಹೇಳಿದರೆ*

ಕೇಳಿಸಿಕೊಳ್ಳಿ. ಗಾಬರಿ ಮುಖದಲ್ಲಿ ಬೇಡ. "ನೀನು ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿನ್ನದಲ್ಲ" ಅನ್ನಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅಂದರೆ ಸಾಕು. ನೀವೇ ಪ್ರಶ್ನೆ ಕೇಳಿ ಕೆದಕಬೇಡಿ. "ಮಾವನೇ ಅಲ್ವಾ ಹೀಗೆ ಮಾಡಿದ್ದು?" ಅಂತ ಹೆಸರು ಬಾಯಿಗೆ ಹಾಕಿದರೆ ನಾಳೆ ಕೇಸು ಅಲ್ಲೇ ಸಡಿಲವಾಗುತ್ತದೆ. ಮಗು ಆಡಿದ ಮಾತನ್ನು, ಅದು ತೆಲುಗಾಗಿದ್ದರೆ ತೆಲುಗಿನಲ್ಲೇ, ಹಾಗೇ ಬರೆಯಿರಿ. ದಿನ, ಹೊತ್ತು ಹಾಕಿ. ಹಲ್ಲೆ ಈಗಷ್ಟೇ ಆಗಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ.

ಆಮೇಲೆ ಫೋನ್. ಲೈಂಗಿಕ ದೌರ್ಜನ್ಯವಾಗಿದ್ದರೆ, ಅಥವಾ ಹಾಗೆ ಅನುಮಾನವಿದ್ದರೂ, ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅಂತಲೂ ಅದೇ ಸೆಕ್ಷನ್ನಿನಲ್ಲಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಸಮವಸ್ತ್ರ ಹಾಕದ ಅಧಿಕಾರಿ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಈ ಎರಡು ಗೊತ್ತಿದ್ದರೆ ಅಮ್ಮನಿಗೆ ಧೈರ್ಯ ಹೇಳಬಹುದು.

ಹೊಡೆತ, ದಿಕ್ಕಿಲ್ಲದೆ ಸಿಕ್ಕಿದ್ದು, ಕೂಲಿಗೆ ಇಟ್ಟದ್ದು, ಇಂಥವಕ್ಕೆ 1098. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ ಮಗುವನ್ನು "ಪಾಪ" ಅಂತ ಮನೆಗೆ ಕರೆದುಕೊಂಡು ಹೋಗಿ ಒಂದು ವಾರ ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಅದರ ಅಮ್ಮ ಇನ್ನೊಂದು ಠಾಣೆಯಲ್ಲಿ ಅಳುತ್ತಾ ಕೂತಿರಬಹುದು.

*ಸಭೆಯೊಳಗೇ ಮುಚ್ಚಿಹಾಕುವ ತಪ್ಪು*

ಇದನ್ನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ದೂರು ಸಭೆಯವರ ಮೇಲೇ ಬಂದಾಗ ಯಾರಾದರೂ ಮತ್ತಾಯ 18:15 ತೆಗೆಯುತ್ತಾರೆ. ಸಹೋದರ ತಪ್ಪು ಮಾಡಿದರೆ ಒಂಟಿಯಾಗಿ ಹೋಗಿ ಮಾತಾಡು, ಕೇಳದಿದ್ದರೆ ಸಾಕ್ಷಿಗೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಅಂತ ಅಲ್ಲಿದೆ, ನಿಜ. ಅದು ಸರಿಸಮಾನರ ನಡುವಿನ ಮನಸ್ತಾಪಕ್ಕೆ. ಎಂಟು ವರ್ಷದ ಮಗು ಯಾರ ಹತ್ತಿರ ಒಂಟಿಯಾಗಿ ಹೋಗಬೇಕು? ಅದೇ ಅಧ್ಯಾಯದ ಆರನೇ ವಚನ ಯಾಕೆ ಯಾರೂ ತೆಗೆಯುವುದಿಲ್ಲ? ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ವಾಸಿ ಅಂತ ಯೇಸು ಹೇಳಿದ್ದು ಅಲ್ಲೇ.

ಕ್ಷಮೆ ಕೇಳಿಸಿ, ಪ್ರಾರ್ಥನೆ ಮಾಡಿಸಿ, ಆ ಮನುಷ್ಯನನ್ನು ಬೇರೆ ಊರಿಗೆ ಕಳಿಸುವುದು ಪರಿಹಾರವಲ್ಲ. ಬೇರೆ ಊರಿನಲ್ಲೂ ಮಕ್ಕಳಿದ್ದಾರೆ. ಮಗುವಿಂದ "ಕ್ಷಮಿಸಿದೆ" ಅಂತ ಹೇಳಿಸುವುದಂತೂ ಮತ್ತೊಂದು ಹಲ್ಲೆ. ಪೋಕ್ಸೋ ಕಾಯ್ದೆ ಹೇಳುವುದು ಯಾವುದೇ ವ್ಯಕ್ತಿ ಅಂತ. ಪಾದ್ರಿಯನ್ನು ಬಿಟ್ಟು ಅಂತ ಇಲ್ಲ. ವಿಷಯ ಕಿವಿಗೆ ಬಿದ್ದ ದಿನದಿಂದ ಆ ವ್ಯಕ್ತಿ ಮಕ್ಕಳ ಹತ್ತಿರ ಬರಬಾರದು. ಆದರೆ ಪೊಲೀಸರಿಗೆ ತಿಳಿಸುವ ಮುಂಚೆ ನೀವೇ ಹೋಗಿ ಅವನನ್ನು ವಿಚಾರಿಸಬೇಡಿ. ಸಾಕ್ಷಿ ಅಳಿಸಲು, ಮಗುವನ್ನು ಹೆದರಿಸಲು ಅವನಿಗೆ ಒಂದು ರಾತ್ರಿ ಸಾಕು.

5. ಕೊರತೆಯಾದರೆ ಮನೆಯನ್ನೇ ಎತ್ತಿ ನಿಲ್ಲಿಸಿ

ವಿಮೋಚನಕಾಂಡ 2ರಲ್ಲಿ ಫರೋಹನ ಮಗಳು ನೀರಿನಲ್ಲಿ ಸಿಕ್ಕ ಮೋಶೆಯನ್ನು ಅವನ ಹೆತ್ತ ತಾಯಿಯ ಕೈಗೇ ಕೊಟ್ಟು, ಸಾಕಲು ಸಂಬಳವನ್ನೂ ಕೊಟ್ಟಳು. ಅವಳಿಗೆ ಅದು ತಾಯಿ ಅಂತ ಗೊತ್ತಿರಲಿಲ್ಲ, ಆ ಮಾತು ಬೇರೆ. ಮಗುವಿಗೆ ಆದ ಉಪಕಾರ ಮಾತ್ರ ದೊಡ್ಡದು. ಇವತ್ತು ಅದೇ ಕೆಲಸಕ್ಕೆ ಸರ್ಕಾರದ ಯೋಜನೆ ಇದೆ. ನಮ್ಮವರಿಗೇ ಗೊತ್ತಿಲ್ಲ.

ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ಅಪ್ಪ ಅಮ್ಮ ಇಲ್ಲದೆ ಅಜ್ಜಿ, ಚಿಕ್ಕಪ್ಪನ ಮನೆಯಲ್ಲಿರುವವರು, ದೊಡ್ಡ ಕಾಯಿಲೆ ಬಿದ್ದ ಪೋಷಕರ ಮಕ್ಕಳು, ಇಂಥವರಿಗೆ. ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ದಾಟಿರಬಾರದು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಕೆಲಸ ನಿಂತುಹೋಗುವುದು ಕಾಗದಪತ್ರದಲ್ಲಿ. ನಾಡಕಚೇರಿಯಿಂದ ಆದಾಯ ಪತ್ರ, ಶಾಲೆಯಿಂದ ವ್ಯಾಸಂಗ ಪತ್ರ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ, ಮರಣ ಪತ್ರ. ಈ ಕೊನೆಯದೇ ಎಷ್ಟೋ ಮನೆಯಲ್ಲಿ ಇರುವುದಿಲ್ಲ. 21 ದಿನದೊಳಗೆ ಸಾವು ನೋಂದಾಯಿಸಿದರೆ ಖರ್ಚಿಲ್ಲ. ವರ್ಷ ದಾಟಿದರೆ ಆದೇಶ ತರಲು ಅಲೆಯಬೇಕು. ಸಾವಿನ ಮನೆಗೆ ಪ್ರಾರ್ಥನೆಗೆ ಹೋದಾಗಲೇ ಒಬ್ಬರು ಇದನ್ನು ಕೈಗೆತ್ತಿಕೊಳ್ಳಿ. ಅಮ್ಮ ತೀರಿಕೊಂಡಿದ್ದರೆ ರೇಷನ್ ಕಾರ್ಡಿನಲ್ಲಿ ಯಜಮಾನಿಯ ಹೆಸರು ಬದಲಾಯಿಸಿ. ಹಾಗೆ ಮಾಡದಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಅಜ್ಜಿಗೆ ಬರುವುದಿಲ್ಲ.

ಅರ್ಜಿ ಹಾಕಿದ ಮರುದಿನವೇ ಹಣ ಬರುವುದಿಲ್ಲ, ತಿಂಗಳುಗಳೇ ಬೇಕು. ಆ ನಡುವಿನ ತಿಂಗಳುಗಳನ್ನು ದಾಟಿಸುವುದು ಸಭೆಯ ಪಾತ್ರೆ. ದಿನಸಿ, ಬಸ್ ಚಾರ್ಜು, ನಾಡಕಚೇರಿಗೆ ಹೋದ ದಿನದ ಕೂಲಿ ನಷ್ಟ. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಒಂದು ದಿನ ಕೂಲಿ ಬಿಟ್ಟರೆ ರಾತ್ರಿ ಒಲೆ ಹತ್ತದ ಮನೆಯವರಿಗೆ "ನಾಳೆ ಮತ್ತೆ ಬನ್ನಿ" ಅನ್ನುವುದು ಎಷ್ಟು ಸುಲಭ ಅಲ್ವಾ!

*ಶಾಲೆ:* 6ರಿಂದ 14 ವರ್ಷದ ಮಗುವನ್ನು ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಹಿಂದೆ ಎಲ್ಲಾದರೂ ಓದಿದ್ದರೆ ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಇರುತ್ತದೆ, ಹೆಡ್‌ಮಾಸ್ಟರ್ ಹುಡುಕಿಕೊಡುತ್ತಾರೆ. ಸಂಜೆ ನಾಲ್ಕರಿಂದ ಎಂಟರವರೆಗೆ ಸಭೆಯ ಹಾಲ್ ತೆರೆದಿಡಿ. ಎರಡು ಟ್ಯೂಬ್‌ಲೈಟ್, ಒಂದು ಚಾಪೆ, ಒಂದು ಹಿಡಿ ಕಡಲೆಕಾಯಿ. ಒಂಟಿ ಮಗುವಿಗೆ ಇದು ಹಾಸ್ಟೆಲ್‌ಗಿಂತ ವಾಸಿ. ಮೊದಲ ಹಂತದ ನಿಯಮ ಇಲ್ಲೂ ಇರಲಿ.

*ಸಾಲ:* ಇಟ್ಟಿಗೆ ಗೂಡಿಗೋ ರೀಲಿಂಗ್ ಯೂನಿಟ್ಟಿಗೋ ಅಡ್ವಾನ್ಸ್ ಇಸ್ಕೊಂಡು, ಅದು ತೀರುವವರೆಗೆ ಮಗುವನ್ನು ದುಡಿಯಲು ಬಿಟ್ಟಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ ಸಾಲವೇ ಅಳಿದುಹೋಗುತ್ತದೆ. ಸಭೆಯವರು ಚಂದಾ ಎತ್ತಿ ಆ ಅಡ್ವಾನ್ಸ್ ತೀರಿಸಬೇಡಿ. ಮಾಲೀಕ ಅದೇ ದುಡ್ಡಿನಲ್ಲಿ ಇನ್ನೊಂದು ಮಗುವನ್ನು ತರುತ್ತಾನೆ. ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಡಿ.

6. ಕೊಡುವಾಗ ಮಗುವಿನ ತಲೆ ತಗ್ಗಬಾರದು

ಕ್ರಿಸ್‌ಮಸ್‌ಗೆ ಮಗುವನ್ನು ವೇದಿಕೆಗೆ ಕರೆದು, ಅಪ್ಪ ಕುಡಿದು ಸತ್ತ ಕಥೆ ಮೈಕಿನಲ್ಲಿ ಹೇಳಿ, ಬ್ಯಾಗು ಕೊಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೋಮವಾರ ಆ ಮಗು ಶಾಲೆಗೆ ಹೋಗಬೇಕಲ್ಲ? ಧರ್ಮೋಪದೇಶಕಾಂಡ 24ರಲ್ಲಿ ಹೊಲದಲ್ಲಿ ಮರೆತ ಸಿವುಡನ್ನು ಅಲ್ಲೇ ಬಿಡಿ, ತಂದೆಯಿಲ್ಲದವರೂ ವಿಧವೆಯರೂ ಪರದೇಶಿಗಳೂ ಆಯ್ದುಕೊಳ್ಳಲಿ ಅಂತಿದೆ. ಕರೆದು ಕೈಗೆ ಕೊಡಿ ಅಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದ ಮಗುವಿನ ಹೆಸರು, ಫೋಟೋ, ಶಾಲೆಯ ಹೆಸರು ಎಲ್ಲೂ ಹಾಕುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ ಇದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಇದೆ.

ಷರತ್ತು ಬೇಡ. ಭಾನುವಾರ ಬಂದರೆ ಮಾತ್ರ ಫೀಸು, ಹೆಸರು ಬದಲಾಯಿಸಿದರೆ ಮಾತ್ರ ಅಕ್ಕಿ, ಇದು ವ್ಯಾಪಾರ. ಮಾರ್ಕ 7ರಲ್ಲಿ ಅನ್ಯಜನಾಂಗದ ಹೆಂಗಸಿನ ಮಗಳನ್ನು ಯೇಸು ಗುಣಪಡಿಸಿದ. ಮನೆಗೆ ಹೋಗು ಅಂದ, ಹಿಂದೆ ಬಾ ಅನ್ನಲಿಲ್ಲ. ನಾವು ನೋಡಿಕೊಳ್ಳುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆ ನಂಬಿಕೆಯ ಮನೆಯವರು. ಅವರ ಮನೆಯ ಯುಗಾದಿ, ರಂಜಾನ್ ಅವರಿಗೆ ಇರಲಿ.

7. ಹೋಮ್ ಬೇಕೇ ಬೇಕು ಅಂದರೆ

ಕೆಲವು ಮಕ್ಕಳಿಗೆ ಮನೆ ನಿಜವಾಗಿಯೂ ಇಲ್ಲ, ಅಥವಾ ಅಪಾಯ ಮನೆಯೊಳಗೇ ಇದೆ. ಆಗಲೂ ತೀರ್ಮಾನ ನಿಮ್ಮದಲ್ಲ, ಮಕ್ಕಳ ಕಲ್ಯಾಣ ಸಮಿತಿಯದು. ಅವರ ಆದೇಶವಿಲ್ಲದೆ ಮಗುವನ್ನು ತೆಗೆದುಕೊಳ್ಳುವ ಹೋಮ್ ಇದ್ದರೆ ಅಲ್ಲೇ ಗೇಟಿನಿಂದ ವಾಪಸ್ ಬನ್ನಿ. ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಅಡಿ ನೋಂದಣಿ ಕಡ್ಡಾಯ. ಟ್ರಸ್ಟ್ ನೋಂದಣಿ ಪತ್ರ ತೋರಿಸಿ "ನಮ್ಮದು ರಿಜಿಸ್ಟರ್ಡ್" ಅನ್ನುತ್ತಾರೆ, ಅದು ಬೇರೆ ಇದು ಬೇರೆ. ಬಾತ್‌ರೂಮಿನ ಬಾಗಿಲಿಗೆ ಒಳಚಿಲಕ ಇದೆಯಾ ನೋಡಿ. ಮನೆಯವರು ಯಾವಾಗ ಬಂದು ನೋಡಬಹುದು ಅಂತ ಕೇಳಿ. "ಆರು ತಿಂಗಳು ಬರಬೇಡಿ, ಹೊಂದಿಕೊಳ್ಳಲಿ" ಅಂದರೆ ಅನುಮಾನಪಡಿ.

ದತ್ತು ವಿಷಯ ಒಂದೇ ಮಾತು: ಸಭೆಯಲ್ಲಿ ಮಕ್ಕಳಿಲ್ಲದ ದಂಪತಿಗೆ ಬಡ ಮನೆಯ ಕೂಸನ್ನು ಪ್ರಾರ್ಥನೆ ಮಾಡಿ ಕೊಡಿಸುವುದು ದತ್ತು ಅಲ್ಲ, ಅಪರಾಧ. ದಾರಿ ಇರುವುದು ಕಾರಾ, ಅಂದರೆ ದತ್ತು ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರದ ಮೂಲಕ. ಹೆತ್ತವರೇ ಸಮಿತಿಗೆ ಒಪ್ಪಿಸಿದರೂ ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಕಾಶ ಇರುತ್ತದೆ.

8. ಆಮೇಲಿನ ಎರಡು ವರ್ಷ

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಹೋದಾಗ ಮೂರು ಸಾಲು ಸಾಕು: ಶಾಲೆಗೆ ಎಷ್ಟು ದಿನ ಹೋಯಿತು, ತೂಕ ಎಷ್ಟು, ಮಗು ತಾನಾಗಿ ಏನು ಹೇಳಿತು. ತಂಡದ ಒಬ್ಬರೇ ಯಾವಾಗಲೂ ಹೋಗುತ್ತಿದ್ದರೆ ಬದಲಾಯಿಸಿ. ಒಬ್ಬರನ್ನೇ ನೆಚ್ಚಿಕೊಂಡರೆ, ಅವರಿಗೆ ವರ್ಗವಾದ ದಿನ ಮಗುವಿನ ಕೈ ಮತ್ತೆ ಖಾಲಿ.

ಎಡಗಾಲಿನ ಶೂಗಳ ಹುಡುಗನ ಪ್ರಾಯೋಜಕತ್ವದ ಹಣ ಅರ್ಜಿ ಹಾಕಿ ಏಳನೇ ತಿಂಗಳಿಗೆ ಬಂತು. ಅವನೀಗ ಏಳನೇ ಕ್ಲಾಸು, ಅಜ್ಜಿಯ ಜೊತೆಗೇ ಇದ್ದಾನೆ. ಕಳೆದ ಭೇಟಿಯ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು: "24 ದಿನದಲ್ಲಿ 22 ದಿನ ಹಾಜರು. ತೂಕ 31 ಕಿಲೋ. ಕೈಯಲ್ಲಿ ಟೊಮೆಟೊ ಕರೆ ಇದೆ, ಶನಿವಾರ ಮಧ್ಯಾಹ್ನ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದನಂತೆ. ಮುಂದಿನ ಸಲ ಸೋಮವಾರ ಹೋಗಿ ನೋಡಬೇಕು."